ಹಲ್ಲಿಲ್ಲದ ಗರಗಸ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಮ್ಮ ಮೆಕ್ಯಾನಿಕ್ ಅಷ್ಟೆಲ್ಲ ಕಷ್ಟ ತೆಗೆದುಕೊಳ್ಳಲಿಲ್ಲ. ಒಂದೇ ಸುಳ್ಳಿನಲ್ಲಿ ಮದುವೆಯಾದ. ಆ ಸುಳ್ಳು ಕೂಡ ತೀರ ಚಿಕ್ಕದು: "ಹೂಂ."

ಆಗ ಅವನಿಗೆ ಇಪ್ಪತ್ತಾರು. ಬಟ್ಟೆ ಒಗೆಯುವ ಯಂತ್ರಗಳ ರಿಪೇರಿ ಅವನ ಕಸುಬು. ಒಂದು ಮನೆಯಲ್ಲಿ ಬೆಲ್ಟ್ ಬದಲಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಆ ಮನೆಯ ಮಗಳು, ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ಹೊಸ ಟೀಚರ್, ಎರಡು ಮುಷ್ಟಿ ಸೇರಿಸಿದಷ್ಟು ದೊಡ್ಡ ಕಲ್ಲೊಂದನ್ನು ಹಿಡಿದುಕೊಂಡು ಬಂದಳು. ಹನ್ನೆರಡನೇ ವಯಸ್ಸಿನಲ್ಲಿ ಹೊಳೆಯ ದಂಡೆಯಲ್ಲಿ ಹೆಕ್ಕಿದ್ದಂತೆ. ಅದರ ಹೊಟ್ಟೆಯಲ್ಲಿ ನೀರಿದೆಯಂತೆ. ಕಲ್ಲು ಹುಟ್ಟುವಾಗ ಒಳಗೆ ಸೇರಿ ಹೊರಬರಲು ದಾರಿ ಕಾಣದೆ ಉಳಿದ ನೀರು, ಮನುಷ್ಯರೇ ಇಲ್ಲದ ಕಾಲದ್ದು. "ಸದ್ದು ಕೇಳಿಯೇ ಯಂತ್ರದ ಕಾಯಿಲೆ ಹೇಳ್ತೀರಂತಲ್ಲ, ಇದನ್ನ ಕೇಳಿ" ಎಂದು ಅವಳು ಎರಡೂ ಕೈಯಲ್ಲಿ ಕಲ್ಲನ್ನು ಅವನ ಕಿವಿಗೆ ಒತ್ತಿ ಹಿಡಿದಳು. ತಣ್ಣಗಿನ ಕಲ್ಲು ಕದಲದೆ ಕಿವಿಗೆ ಅಂಟಿಕೊಂಡು ನಿಂತಿತು. ಅವಳು ಉಸಿರು ಬಿಗಿಹಿಡಿದಿದ್ದಳು.

"ಕೇಳಿಸ್ತಾ?"

ಅವನಿಗೆ ಏನೂ ಕೇಳಿಸಲಿಲ್ಲ. ಆದರೆ ಅಷ್ಟು ಹತ್ತಿರದಲ್ಲಿ ಅಂಥ ಎರಡು ಕಣ್ಣು ಕಾಯುತ್ತಿರುವಾಗ ಇಲ್ಲ ಅನ್ನಲು ಯಾರಿಗೆ ಮನಸ್ಸು ಬಂದೀತು? "ಹೂಂ" ಅಂದ. ಮುಂದಿನ ವರ್ಷ ಮದುವೆ.

ಇದಾಗಿ ಮೂವತ್ತೆರಡು ವರ್ಷ. ಕಲ್ಲು ಟೀವಿಯ ಪಕ್ಕದಲ್ಲಿ, ಹಳೆಯ ಟವೆಲ್ಲಿನ ಸಿಂಬೆಯ ಮೇಲೆ ಕೂತಿದೆ. ಟೀಚರ್ ಪ್ರತಿವರ್ಷ ಅದನ್ನು ತರಗತಿಗೆ ಒಯ್ದು ಒಂದೊಂದು ಮಗುವಿನ ಕಿವಿಯ ಬಳಿಯೂ ಅಲ್ಲಾಡಿಸುತ್ತಾಳೆ. ಮನೆಗೆ ಬಂದವರಿಗೆ ತೋರಿಸುವಾಗ "ನಮ್ಮವರಿಗೂ ಕೇಳಿಸಿದೆ, ಬೇಕಾದ್ರೆ ಕೇಳಿ" ಎಂದು ಗಂಡನತ್ತ ನೋಡುತ್ತಾಳೆ. ಅವನು ತಲೆಯಾಡಿಸುತ್ತಾನೆ. ಒಮ್ಮೆ ಅವಳು ಶಾಲೆಗೆ ಹೋಗಿದ್ದಾಗ ಕದ್ದು ಕಲ್ಲನ್ನೆತ್ತಿ ಕಿವಿಗಿಟ್ಟು ಅಲ್ಲಾಡಿಸಿ ನೋಡಿದ್ದ. ಅಷ್ಟರಲ್ಲಿ ವರ್ಕ್‌ಶಾಪಿನ ಡ್ರೈಯರುಗಳು ಅವನ ಕಿವಿಯನ್ನು ಅರ್ಧ ತಿಂದುಹಾಕಿದ್ದವು. ಗಡಿಯಾರದ ಟಿಕ್ ಟಿಕ್ ಕೂಡ ಕೇಳದವನಿಗೆ ಕಲ್ಲಿನ ಪಿಸುಮಾತು ಕೇಳೀತೇ? ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಕಸುಬಿಗೆ ಮಾತ್ರ ಅವನ ಕಿವಿ ಅಡ್ಡಿಯಾಗಿರಲಿಲ್ಲ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಬೇರಿಂಗಿಗೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚುತ್ತಿದ್ದ. ಸದ್ದು ಮೂಳೆಯ ಮೂಲಕ ನೇರ ತಲೆಯೊಳಗೆ ಬರುತ್ತಿತ್ತು. ಯಾವ ಗುಂಡು ಸವೆದಿದೆ, ಎಲ್ಲಿ ಗ್ರೀಸ್ ಒಣಗಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದ.

ಈ ವರ್ಷ ಶಾಲೆಗೆ ರಜೆ ಸಿಕ್ಕ ಮೊದಲ ದಿನ ಟೀಚರ್ ಕಲ್ಲು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮುಖ ಬಾಡಿತ್ತು.

"ರೀ, ಸದ್ದು ಕಡಿಮೆ ಆಗಿದೆ ಅನ್ಸುತ್ತೆ. ಇಂಥ ಕಲ್ಲು ಸೂಕ್ಷ್ಮವಾಗಿ ಸೀಳು ಬಿಟ್ರೆ ನೀರು ಆರಿಹೋಗುತ್ತಂತೆ. ನನ್ನ ಭ್ರಮೆನೋ ಏನೋ ಗೊತ್ತಾಗ್ತಿಲ್ಲ. ನೀವೊಂದ್ಸಲ ಕೇಳಿ ನೋಡಿ. ಮೊದಲಿನಷ್ಟಿದ್ಯಾ?"

ಎಂದೂ ಕೇಳದ ಸದ್ದು ಮೊದಲಿಗಿಂತ ಹೆಚ್ಚೋ ಕಡಿಮೆಯೋ ಅಂತ ಹೇಳಬೇಕಂತೆ! ಕಲ್ಲನ್ನು ಕಿವಿಯ ಬಳಿ ಅಲ್ಲಾಡಿಸಿದ ಮೆಕ್ಯಾನಿಕ್ ಅಡಕತ್ತರಿಯಲ್ಲಿ ಸಿಕ್ಕಿಕೊಂಡ. ಇದೆ ಅಂದರೆ ಒಂದು ಸುಳ್ಳು, ಇಲ್ಲ ಅಂದರೆ ಇನ್ನೊಂದು. ಅವಳ ಮುಖ ನೋಡಿ, ಅವಳಿಗೆ ಹೌದು ಅನ್ನಿಸಿದ್ದನ್ನೇ ಹೌದು ಅನ್ನುವುದು ಮರ್ಯಾದೆ ಅಂದುಕೊಂಡ.

"ಸ್ವಲ್ಪ ಕಡಿಮೆ ಆಗಿದೆ."

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. "ಹಾಗಾದ್ರೆ ನಿಜ. ಪೂರ್ತಿ ಆರೋದಕ್ಕೆ ಮುಂಚೆ ಒಂದ್ಸಲ ಕಣ್ಣಾರೆ ನೋಡ್ಬೇಕು ಕಣ್ರೀ. ಒಂದೇ ಒಂದ್ಸಲ."

ಕಲ್ಲೊಳಗಿನ ನೀರನ್ನು ಚೆಲ್ಲದೆ ನೋಡುವ ದಾರಿ ಒಂದೇ. ಒಂದು ಬದಿಯಿಂದ ಬ್ರೆಡ್ಡಿನ ಹಾಗೆ ತೆಳ್ಳಗೆ ಹೋಳು ತೆಗೆಯುತ್ತ ಹೋಗಬೇಕು. ಗೋಡೆ ತೆಳುವಾಗಿ ಬೆಳಕು ಹಾಯುವ ಹೊತ್ತಿಗೆ ಸರಿಯಾಗಿ ನಿಲ್ಲಿಸಬೇಕು. ಕೂದಲೆಳೆಯಷ್ಟು ಹೆಚ್ಚಾದರೂ ಕೋಟಿ ವರ್ಷದ ನೀರು ನೆಲದ ಪಾಲು. ಟೀಚರ್ ಅದೇ ದಿನ ಕಲ್ಲನ್ನು ಚೀಲದಲ್ಲಿ ಹಾಕಿಕೊಂಡು, ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲು ಕತ್ತರಿಸುವವನ ಬಳಿ ಹೋದಳು. ಅವನು ಕಲ್ಲನ್ನು ತಿರುಗಿಸಿ ನೋಡಿ, "ಎರಡು ನಿಮಿಷದ ಕೆಲಸ ಮೇಡಂ, ಮಧ್ಯಕ್ಕೆ ಎರಡು ಹೋಳು ಮಾಡ್ಕೊಡ್ತೀನಿ" ಅಂದ. ಅವಳು ಕಲ್ಲನ್ನು ಕಸಿದುಕೊಂಡು ಓಡುವುದೊಂದು ಬಾಕಿ. ಮನೆಗೆ ಬಂದವಳ ಮೂಗಿನ ತುದಿ ಕೆಂಪಾಗಿತ್ತು.

ಮೆಕ್ಯಾನಿಕ್‌ಗೆ ಅದನ್ನು ನೋಡಲಾಗಲಿಲ್ಲ. ಕಡಿಮೆಯಾಗಿದೆ ಎಂದು ಅವಳನ್ನು ಹೆದರಿಸಿದ್ದು ತಾನೇ ತಾನೆ? "ಬಿಡು, ಗರಗಸ ನಾನೇ ಮಾಡ್ತೀನಿ" ಅಂದುಬಿಟ್ಟ. ಅಂದ ಮೇಲೆ ಮೈಯೆಲ್ಲ ಜುಮ್ಮೆಂದಿತು. ಇಷ್ಟು ವರ್ಷ ಬೇರೆಯವರು ಮಾಡಿದ ಯಂತ್ರ ರಿಪೇರಿ ಮಾಡಿದ್ದೇ ಆಯಿತು, ತನ್ನದು ಅಂತ ಒಂದು ಯಂತ್ರ ಎಲ್ಲಿತ್ತು?

ಮನೆಯ ಹಿಂದಿನ ಶೆಡ್ಡಿನಲ್ಲಿ ಸತ್ತ ಯಂತ್ರಗಳ ರಾಶಿಯೇ ಇತ್ತು. ಅದರಲ್ಲಿ ಮೋಟಾರು ಚೆನ್ನಾಗಿರುವ ಬಟ್ಟೆ ಒಗೆಯುವ ಯಂತ್ರವೊಂದನ್ನು ಎಳೆದು ನಿಲ್ಲಿಸಿದ. ಅದರ ಪ್ಲಾಸ್ಟಿಕ್ ತೊಟ್ಟಿಯನ್ನು ಅರ್ಧಕ್ಕೆ ಕೊಯ್ದು ನೀರಿನ ಬಾನಿ ಮಾಡಿದ. ಕಬ್ಬಿಣದ ಪಟ್ಟಿಗಳನ್ನು ಬೆಸೆದು ಚೌಕಟ್ಟು ಕಟ್ಟಿದ. ಕಲ್ಲನ್ನು ಹೊತ್ತು ಬ್ಲೇಡಿನ ಕಡೆ ಜಾರುವ ಗಾಡಿಗೆ ಹಳಿ ಬೇಕಿತ್ತು. ಟೀಚರ್ ಒಂದು ಮಾತೂ ಆಡದೆ ತನ್ನ ಮೇಜಿನ ಡ್ರಾಯರುಗಳನ್ನು ಹೊರಗೆಳೆದು ಅದರ ಜಾರುಪಟ್ಟಿಗಳನ್ನು ತಾನೇ ಬಿಚ್ಚಿಕೊಟ್ಟಳು. ಇಪ್ಪತ್ತು ವರ್ಷದ ಉತ್ತರಪತ್ರಿಕೆಗಳು ಅಂದಿನಿಂದ ಮಂಚದ ಕೆಳಗೆ ಹೋದವು. ಗಾಡಿಯ ಮೇಲೆ ಎರಡು ಮರದ ಹಲಗೆ, ಎರಡು ಉದ್ದದ ಬೋಲ್ಟು. ಕಲ್ಲನ್ನು ಅಪ್ಪಿಹಿಡಿಯುವ ಹಿಡಿಕಟ್ಟು ತಯಾರು. ಪಕ್ಕದ ಇನ್ನೊಂದು ಬೋಲ್ಟನ್ನು ಒಂದು ಸುತ್ತು ತಿರುಗಿಸಿದರೆ ಕಲ್ಲು ಎರಡು ಮಿಲಿಮೀಟರ್ ಬ್ಲೇಡಿನತ್ತ ಸರಿಯುತ್ತಿತ್ತು.

ಗಾಡಿಯನ್ನು ಕೈಯಿಂದ ದೂಡುವ ಹಾಗಿಲ್ಲ, ಕೈ ನಡುಗಿದರೆ ಕೆಟ್ಟಿತು. ದಾರ ಕಟ್ಟಿ, ದಾರವನ್ನು ರಾಟೆಯ ಮೇಲೆ ಹಾಯಿಸಿ, ತುದಿಗೆ ತೂಕ ತೂಗುಬಿಡಬೇಕು. ಮಣಭಾರದ ಹಳೆಯ ಇಸ್ತ್ರಿಪೆಟ್ಟಿಗೆ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿತ್ತು. ಅದಕ್ಕೆ ದಾರ ಕಟ್ಟಿ ಬಿಟ್ಟಾಗ ಗಾಡಿ ತಾನಾಗಿಯೇ ಮೆತ್ತಗೆ ಮುಂದೆ ಬಂತು. ಗಂಡಹೆಂಡತಿ ಇಬ್ಬರೂ ಚಿಕ್ಕಮಕ್ಕಳ ಹಾಗೆ ಅದನ್ನು ಹಿಂದಕ್ಕೆಳೆದು, ಮುಂದಕ್ಕೆ ಬಿಟ್ಟು, ಮತ್ತೆ ಹಿಂದಕ್ಕೆಳೆದು ಆಡಿದರು. ಒಲೆಯ ಮೇಲೆ ಹಾಲು ಉಕ್ಕಿ ಹೋದದ್ದು ಯಾರಿಗೂ ತಿಳಿಯಲಿಲ್ಲ.

ಬ್ಲೇಡನ್ನು ಮಾತ್ರ ಅಂಗಡಿಯಿಂದಲೇ ತರಬೇಕಾಯಿತು. ಊಟದ ತಟ್ಟೆಯಷ್ಟು ಅಗಲ, ಹಲ್ಲುಗಳೇ ಇಲ್ಲ, ಅಂಚಿಗೆ ಸುತ್ತಲೂ ವಜ್ರದ ಪುಡಿ. ಅದು ಬಂದ ದಿನವೇ ಟೀಚರಿನ ತಮ್ಮನೂ ಬಂದ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಬೇರೆಯವರು ಓಡಿಸುವ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕನ್ನು ಒತ್ತುವುದೇ ಅವನ ಉದ್ಯೋಗ. ಅಭ್ಯಾಸ ಬಲದಿಂದ ಯಾರು ಏನು ಶುರುಮಾಡಿದರೂ ಕಾಲು ಒತ್ತುತ್ತಿದ್ದ. ಬೀದಿಯವರು ಅವನನ್ನು ಬ್ರೇಕು ಎಂದೇ ಕರೆಯುತ್ತಿದ್ದರು. ಹೊಳೆಯ ದಂಡೆಯಲ್ಲಿ ಅಕ್ಕ ಈ ಕಲ್ಲನ್ನು ಹೆಕ್ಕಿದಾಗ ಜೊತೆಗಿದ್ದವನು ಅವನೇ. "ಒಳಗೆ ಮಣ್ಣಿನ ಹರಳು ಸಡಿಲ ಆಗಿದೆ, ಅದೇ ಸದ್ದು ಮಾಡ್ತಿದೆ, ನೀರೂ ಇಲ್ಲ ಗೀರೂ ಇಲ್ಲ" ಎಂದು ಆ ದಿನ ಹೇಳಿದ್ದನ್ನೇ ಇವತ್ತಿನವರೆಗೂ ಹೇಳುತ್ತಿದ್ದ.

ಬ್ರೇಕು ಬ್ಲೇಡಿನ ಅಂಚಿನ ಮೇಲೆ ಬೆರಳಾಡಿಸಿ ಗಹಗಹಿಸಿ ನಕ್ಕ. "ಹಲ್ಲೇ ಇಲ್ವಲ್ಲ ಭಾವ! ಇದು ಕಲ್ಲು ಕತ್ತರಿಸುತ್ತಾ? ಚರ್ಮಾನೂ ಕತ್ತರಿಸಲ್ಲ!"

"ಇದು ಕಚ್ಚೋದಲ್ಲ, ಉಜ್ಜೋದು" ಅಂದ ಮೆಕ್ಯಾನಿಕ್. "ನಿನ್ನ ಹಾಗೆ. ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಸವೆಸುತ್ತೆ."

ಇನ್ನೊಂದು ಸಂಗತಿ ಉಳಿದಿತ್ತು. ಮೋಟಾರಿನಲ್ಲಿ ಏನಾದರೂ ಎಡವಟ್ಟಾದರೆ ಸದ್ದು ತನ್ನ ಬರಿಗಿವಿಗೆ ಕೇಳುವುದಿಲ್ಲ ಅನ್ನುವುದು ಮೆಕ್ಯಾನಿಕ್‌ಗೆ ಗೊತ್ತಿತ್ತು. ಹೇಳಿಕೊಳ್ಳಲು ನಾಚಿಕೆ. ಅದಕ್ಕೆ ಸ್ವಿಚ್ಚಿನ ಬದಲು ಹಳೇ ಯಂತ್ರದ ಟೈಮರನ್ನೇ ಕೂರಿಸಿದ. ಹದಿನೈದು ನಿಮಿಷಕ್ಕೆ ತಿರುಗಿಸಿಟ್ಟರೆ ತಾನಾಗಿ ಆರುತ್ತದೆ, ಕಿವಿಯ ಹಂಗಿಲ್ಲ. ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ.

ಭಾನುವಾರ ಬೆಳಿಗ್ಗೆ ಪರೀಕ್ಷೆ. ಅಂಗಳದ ಬೂದು ಕಲ್ಲೊಂದನ್ನು ಹಿಡಿಕಟ್ಟಿಗೆ ಬಿಗಿದರು. ಬಾನಿಗೆ ನೀರು ಬಂತು, ಬ್ಲೇಡಿನ ಕೆಳತುದಿ ನೀರಲ್ಲಿ ಮುಳುಗಿತು. ಬ್ರೇಕು ಡ್ರೈವಿಂಗ್ ಸ್ಕೂಲಿನ ಬಿಳಿ ಶರಟು ಹಾಕಿಕೊಂಡು, ಕೈಕಟ್ಟಿ ಯಂತ್ರದ ಎದುರಿಗೇ ನಿಂತ. ಮೆಕ್ಯಾನಿಕ್ ಟೈಮರು ತಿರುಗಿಸಿದ. ಗುರ್ರೆಂದು ಬ್ಲೇಡು ತಿರುಗಿ ನೀರನ್ನು ಹಿಂದಿನ ಗೋಡೆಗೆ ಚಿಮ್ಮಿಸಿತು. ಇಸ್ತ್ರಿಪೆಟ್ಟಿಗೆ ಇಳಿಯಿತು, ಗಾಡಿ ಜಾರಿತು, ಹಲ್ಲಿಲ್ಲದ ಅಂಚು ಕಲ್ಲನ್ನು ಮುಟ್ಟಿತು. ಬಿಳಿಯ ಕೆಸರು ಹಾಲಿನ ಹಾಗೆ ಇಳಿಯತೊಡಗಿತು.

"ಕತ್ತರಿಸ್ತಿದೆ! ರೀ, ಕತ್ತರಿಸ್ತಿದೆ!" ಟೀಚರ್ ಕುಣಿದಳು.

ಅರ್ಧ ನಿಮಿಷವಾಯಿತು. ಮೋಟಾರು ನಿಂತಿತು, ಒಂದು ಉಸಿರು ಎಳೆದುಕೊಂಡಿತು, ಆಮೇಲೆ ಉಲ್ಟಾ ತಿರುಗಿತು. ಗೋಡೆಗೆ ಹೋಗುತ್ತಿದ್ದ ನೀರು, ಕೆಸರು ಸಮೇತ, ಎದುರು ನಿಂತಿದ್ದ ಬ್ರೇಕಿನ ಮುಖಕ್ಕೂ ಶರಟಿಗೂ ರಪ್ಪೆಂದು ಹೊಡೆಯಿತು.

"ಭಾವ! ನಿಲ್ಲಿಸಿ! ಉಲ್ಟಾ ತಿರುಗ್ತಿದೆ!"

ಮೆಕ್ಯಾನಿಕ್‌ನ ಮುಖ ಮಾತ್ರ ಅರಳಿತ್ತು. "ತಿರುಗಬೇಕಲ್ವಾ ಮತ್ತೆ? ನೋಡು, ಎಷ್ಟು ಲಕ್ಷಣವಾಗಿ ನಿಂತು ತಿರುಗ್ತಿದೆ!"

ಅವನದೂ ತಪ್ಪಲ್ಲ. ಬಟ್ಟೆ ಒಗೆಯುವ ಯಂತ್ರ ಒಮ್ಮೆ ಬಲಕ್ಕೆ, ನಿಂತು ಒಮ್ಮೆ ಎಡಕ್ಕೆ ತಿರುಗಿದರೇ ಆರೋಗ್ಯ. ಮೂವತ್ತೆರಡು ವರ್ಷ ಆ ತಾಳ ಕಂಡಾಗಲೆಲ್ಲ ರಿಪೇರಿ ಮುಗಿಯಿತು ಎಂದು ಪೆಟ್ಟಿಗೆ ಮುಚ್ಚಿದವನು ಅವನು. ಗರಗಸ ಹಾಗೆ ತಿರುಗಬಾರದು ಅನ್ನುವುದು ತಲೆಗೇ ಬಂದಿರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಒಂದೇ ಮೋಟಾರಿನಲ್ಲಿ ಎತ್ತೂ ಕೋಣವೂ ಎರಡೂ ಇದ್ದವು. ಟೀಚರ್ ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟಳು. ಬ್ರೇಕು ಬಿಳಿ ಕೆಸರಿನ ಕಣ್ಣು ಪಿಳಿಪಿಳಿ ಬಿಡುತ್ತಿದ್ದ.

ಉಲ್ಟಾ ತಿರುಗಿಸುವ ತಂತಿಯೊಂದನ್ನು ಮೆಕ್ಯಾನಿಕ್ ಕತ್ತರಿಸಿದ. ಆಮೇಲೆ ಮೋಟಾರು ಒಂದೇ ಕಡೆ ತಿರುಗುತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದಲ್ಲ? ಅರ್ಧ ನಿಮಿಷ ದುಡಿದು, ಉಲ್ಟಾ ತಿರುಗಬೇಕಾದ ಹೊತ್ತಿನಲ್ಲಿ ಸುಮ್ಮನೆ ನಿಲ್ಲುತ್ತಿತ್ತು. "ಇರ್ಲಿ ಬಿಡು, ಬ್ಲೇಡು ತಣ್ಣಗಾಗುತ್ತೆ" ಅಂದ. ನಿಂತ ಬ್ಲೇಡಿಗೆ ಕಲ್ಲು ಒತ್ತಿಕೊಂಡರೆ ಸಿಕ್ಕಿಬೀಳುತ್ತದೆ. ಅದಕ್ಕೆ ಪ್ರತಿಸಲ ಮೋಟಾರು ನಿಂತಾಗ ಯಾರಾದರೂ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಹಿಡಿಯಬೇಕು. ಆ ಕೆಲಸವನ್ನು ಟೀಚರ್ ವಹಿಸಿಕೊಂಡಳು. ಯಂತ್ರದ ಪಾರದರ್ಶಕ ಮುಚ್ಚಳವನ್ನು ಎದುರಿಗೆ ಅಡ್ಡ ಬಿಗಿದರು, ಬ್ರೇಕಿನ ಇನ್ನೊಂದು ಶರಟು ಉಳಿಯಲಿ ಅಂತ. ಅಂಗಳದ ಕಲ್ಲು ಎರಡಾಗಿ ಬಿದ್ದಾಗ ಕೊಯ್ದ ಮುಖ ಕನ್ನಡಿಯ ಹಾಗೆ ನುಣ್ಣಗಿತ್ತು.

ಮರುದಿನ ಬೆಳಿಗ್ಗೆ ನಿಜವಾದ ಕಲ್ಲು. ಟೀಚರ್ ಅದನ್ನು ಸಿಂಬೆಯಿಂದ ಎತ್ತುವಾಗ ಒಮ್ಮೆ ಎದೆಗೊತ್ತಿಕೊಂಡಳು. ಮೆಕ್ಯಾನಿಕ್ ಹಿಡಿಕಟ್ಟಿನ ಬೋಲ್ಟುಗಳನ್ನು ಮತ್ತೊಮ್ಮೆ ತಿರುಗಿಸಿ ನೋಡಿದ. ಒಳಗೆ ಮಣ್ಣಿದ್ದರೆ? ಅಥವಾ ನೀರಿದ್ದು, ತನ್ನ ಗರಗಸವೇ ಅದನ್ನು ಚೆಲ್ಲಿದರೆ? ಇಷ್ಟು ವರ್ಷ ಅವಳು ನಂಬಿದ್ದಕ್ಕೆ ತಾನೇ ಸಾಕ್ಷಿ ಹೇಳಿದ್ದು. ಸುಳ್ಳು ಸಾಕ್ಷಿ. ಅವಳ ಬದುಕಿನ ದೊಡ್ಡ ಬೆರಗು ತನ್ನ ಕೈಯಲ್ಲೇ ಹಾಳಾದರೆ ಮುಂದೆ ಅವಳ ಮುಖ ನೋಡುವುದು ಹೇಗೆ? ಈ ಭಯದ ಜೊತೆಗೇ ಒಂದು ಖುಷಿ, ಅದು ಯಾಕೆಂದು ಅವನಿಗೇ ಗೊತ್ತಿರಲಿಲ್ಲ.

ಕಲ್ಲನ್ನು ಬಿಗಿದ. "ನೆನಪಿರ್ಲಿ, ಮಧ್ಯದಲ್ಲಿ ಹಿಡಿಕಟ್ಟಿಂದ ತೆಗೆಯೋ ಹಾಗಿಲ್ಲ. ತೆಗೆದ್ರೆ ಮತ್ತೆ ಅದೇ ನೇರಕ್ಕೆ ಕೂರಲ್ಲ" ಅಂದ. ಸ್ಕ್ರೂಡ್ರೈವರನ್ನು ಬೇರಿಂಗಿಗೆ ಮುಟ್ಟಿಸಿ ಕಿವಿಯ ಹಿಂದೆ ಒತ್ತಿಕೊಂಡ. ಟೈಮರು ತಿರುಗಿತು.

ಮೊದಲ ಹೋಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮೋಟಾರು ದುಡಿಯುವಾಗ ಟೀಚರ್ ದಾರ ಬಿಡುವಳು, ನಿಂತಾಗ ಎತ್ತುವಳು. ಹೋಳು ಟಪ್ಪೆಂದು ನೀರಿಗೆ ಬಿದ್ದಾಗ ಮೂವರೂ ಬಾನಿಗೆ ಕೈಹಾಕಿದರು. ಬರೀ ಕಂದು ಸಿಪ್ಪೆ. ಬೋಲ್ಟು ನಾಲ್ಕು ಸುತ್ತು ತಿರುಗಿತು. ಎರಡನೇ ಹೋಳಿನಲ್ಲಿ ಪಟ್ಟೆಗಳು ಕಂಡವು: ಬೂದಿ, ಜೇನು, ಬಿಳಿ, ಮತ್ತೆ ಜೇನು, ಒಂದರೊಳಗೊಂದು ಸುತ್ತಿಕೊಂಡ ಗೆರೆಗಳು. ಟೀಚರ್ ಕಿರುಚಿಯೇಬಿಟ್ಟಳು. ಬ್ರೇಕು ಕೂಡ "ಅಬ್ಬಾ!" ಅಂದವನು ತಕ್ಷಣ ಕೆಮ್ಮಿ ಮರೆಸಿದ. ಮೂರನೆಯ ಹೋಳು ಬೀಳುವಷ್ಟರಲ್ಲಿ ಮಧ್ಯಾಹ್ನ. ಯಾರಿಗೂ ಹಸಿವಿನ ನೆನಪಿಲ್ಲ.

ಹಿಡಿಕಟ್ಟಿನಲ್ಲೇ ಇದ್ದ ಕಲ್ಲಿನ ಕೊಯ್ದ ಮುಖಕ್ಕೆ ಟೀಚರ್ ಟಾರ್ಚು ಬಿಟ್ಟಳು. ಮುಖ ಒಳಗಿಂದ ಬೆಳಗಿತು, ಒಂದು ಕಡೆ ಮಾತ್ರ ಹೆಬ್ಬೆಟ್ಟಿನಷ್ಟು ಕಪ್ಪು ನೆರಳು.

"ಅದೇ ಮಣ್ಣು" ಅಂದ ಬ್ರೇಕು. "ನಾನು ಹೇಳಿರ್ಲಿಲ್ವಾ ಅಕ್ಕ? ಇನ್ನೊಂದು ಹೋಳು ತೆಗೀರಿ ಭಾವ, ಪುಡಿ ಉದುರೋದನ್ನ ಕಣ್ಣಲ್ಲೇ ನೋಡ್ಬಹುದು."

ಬ್ರೇಕು ಜೀವನದಲ್ಲಿ ಮೊದಲ ಸಲ ಮುಂದೆ ಹೋಗಿ ಅಂದದ್ದು ಅದು. ಟೀಚರ್ ನೆರಳನ್ನೇ ದಿಟ್ಟಿಸಿದಳು. ಅವಳ ದನಿ ಸಣ್ಣಗಾಗಿತ್ತು. "ಇನ್ನೊಂದು ತೆಗೀರಿ. ಇಲ್ಲಿಂದ ಏನೂ ಗೊತ್ತಾಗ್ತಿಲ್ಲ. ಆದ್ರೆ ನಿಮ್ಮ ಬೇರಿಂಗ್ ಬಿಟ್ಟು ಈಗ ಕಲ್ಲನ್ನ ಕೇಳಿ. ಸದ್ದು ಬದಲಾದ್ರೆ ನಿಲ್ಸಿ. ನಿಮಗೆ ಆ ಸದ್ದು ಗೊತ್ತಲ್ಲ?"

ಮೆಕ್ಯಾನಿಕ್ ಬೋಲ್ಟಿಗೆ ಕೈಹಾಕಿ ನಾಲ್ಕು ಸುತ್ತು ತಿರುಗಿಸಿದ. ಸ್ಕ್ರೂಡ್ರೈವರಿನ ತುದಿಯನ್ನು ಈ ಸಲ ಕಲ್ಲಿಗೇ ಮುಟ್ಟಿಸಿ ಹಿಡಿಯನ್ನು ಮೂಳೆಗೆ ಒತ್ತಿದ. ಮೋಟಾರು ಎದ್ದಿತು. ಬ್ಲೇಡು ಕಲ್ಲಿನ ಅಂಚನ್ನು ಮುಟ್ಟಿದ್ದೇ ತಡ, ತಲೆಯೊಳಗೆಲ್ಲ ಗಿರ್ರೆನ್ನುವ ಮೊರೆತ. ಇದರಲ್ಲಿ ಯಾವ ಸದ್ದನ್ನು ಹುಡುಕುವುದು? ಬೆವರು ಹುಬ್ಬು ದಾಟಿ ಕಣ್ಣಿಗಿಳಿಯಿತು. ಅಂಚಿನಲ್ಲಿ ಉಗುರಿನಷ್ಟು ಗೆರೆ ಬಿದ್ದಿತ್ತು, ಅಷ್ಟೆ. ಅರ್ಧ ನಿಮಿಷ ಮುಗಿದು, ಮೋಟಾರು ತನ್ನ ಹುಟ್ಟುಗುಣದಂತೆ ನಿಂತಿತು. ಟೀಚರ್ ಇಸ್ತ್ರಿಪೆಟ್ಟಿಗೆ ಎತ್ತಿದಳು. ತುಸು ಇಳಿಜಾರಾಗಿ ಕೂರಿಸಿದ್ದ ಹಳಿಯ ಮೇಲೆ ಗಾಡಿ ಹಿಂದಕ್ಕೆ ಜಾರಿ ತುದಿಗೆ ಮೆಲ್ಲಗೆ ತಾಗಿತು. ಅವನು ಸ್ಕ್ರೂಡ್ರೈವರು ತೆಗೆಯುವುದನ್ನು ಮರೆತಿದ್ದ.

ಗುಳುಕ್.

ಮೂಳೆಯೊಳಗೆ, ತಲೆಯ ನಟ್ಟನಡುವೆ, ಸ್ಪಷ್ಟವಾಗಿ. ಮಣ್ಣು ಹಾಗನ್ನುವುದಿಲ್ಲ. ಮರಳೂ ಅನ್ನುವುದಿಲ್ಲ. ಮೂವತ್ತೆರಡು ವರ್ಷ ತೊಟ್ಟಿಯಲ್ಲಿ ನೀರು ತುಳುಕುವುದನ್ನು ಕೇಳಿದವನಿಗೆ ನೀರು ಯಾವುದೆಂದು ಹೇಳಿಕೊಡಬೇಕಾಗಿಲ್ಲ. ಗಾಡಿ ಇನ್ನೊಮ್ಮೆ ಸಣ್ಣಗೆ ಅಲುಗಿತು. ಗುಳುಕ್. ಅವನ ಮೈಮೇಲಿನ ಕೂದಲೆಲ್ಲ ನಿಂತವು.

ಇನ್ನೇನು ಮೋಟಾರು ಏಳಬೇಕು ಅನ್ನುವಷ್ಟರಲ್ಲಿ ಹಾರಿ ಪ್ಲಗ್ಗು ಕಿತ್ತೆಸೆದ.

"ಏನಾಯ್ತು?" ಎಂದಳು ಟೀಚರ್.

"ತೆಗೀಬೇಕು. ಕಲ್ಲು ಹೊರಗೆ ತೆಗೀಬೇಕು."

"ಭಾವ, ತೆಗೆದ್ರೆ ನೇರ ತಪ್ಪುತ್ತೆ ಅಂತ ನೀವೇ ಹೇಳಿದ್ರಿ!" ಬ್ರೇಕಿನ ಕಾಲು ನೆಲವನ್ನು ಒತ್ತುತ್ತಿತ್ತು. "ಇನ್ನೊಂದು ಹೋಳು, ಅಷ್ಟೇ. ಇಷ್ಟು ಮಾಡಿ ಈಗ ಬಿಡೋದಾ?"

"ಇನ್ನೊಂದು ಹೋಳಿಲ್ಲ." ಮೆಕ್ಯಾನಿಕ್‌ನ ಕಣ್ಣು ಕಲ್ಲಿನ ಮೇಲೇ ಇತ್ತು. "ನೀರಿದೆ. ನನಗೆ ಕೇಳಿಸ್ತು."

ಟೀಚರ್ ಅವನ ಮುಖವನ್ನೇ ನೋಡಿದಳು. ಏನನ್ನೋ ಅಳೆಯುವ ಹಾಗೆ ನೋಡಿ, ಇಸ್ತ್ರಿಪೆಟ್ಟಿಗೆಯನ್ನು ನೆಲದ ಮೇಲಿಟ್ಟಳು. "ತೆಗೀರಿ" ಅಂದಳು.

ಅವನು ಬೋಲ್ಟು ಸಡಿಲಿಸಿ ಕಲ್ಲನ್ನು ಅವಳ ಕೈಗಿಟ್ಟ. ಟೀಚರ್ ಕೊಯ್ದ ಮುಖಕ್ಕೆ ಅಂಟಿದ್ದ ಕೆಸರನ್ನು ತೊಳೆದಳು. ತೊಳೆದದ್ದೇ ಮಸುಕು ಹೋಗಿ ಕಲ್ಲು ಗಾಜಿನ ಹಾಗಾಯಿತು. ಟಾರ್ಚನ್ನು ಪಕ್ಕಕ್ಕೆ ಒತ್ತಿ ಹಿಡಿದು ಮೆಲ್ಲಗೆ ವಾಲಿಸಿದಳು.

ಕಪ್ಪು ನೆರಳಿನ ಮೇಲಂಚಿನಲ್ಲಿ ಬಟಾಣಿಯಷ್ಟು ದೊಡ್ಡ ಗುಳ್ಳೆಯೊಂದು ಎದ್ದಿತು. 

ಅವಳು ಎಡಕ್ಕೆ ವಾಲಿಸಿದರೆ ಅದು ಬಲಕ್ಕೆ ಓಡಿತು, ಬಲಕ್ಕೆ ವಾಲಿಸಿದರೆ ಎಡಕ್ಕೆ. ಮನುಷ್ಯ ಹುಟ್ಟುವ ಮೊದಲಿನ ನೀರು ಶೆಡ್ಡಿನ ತಗಡು ಮಾಡಿನ ಕೆಳಗೆ ತುಳುಕುತ್ತಿತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ. ಗುಳ್ಳೆಗೂ ಕೊಯ್ದ ಮುಖಕ್ಕೂ ನಡುವೆ ಒಂದು ಬೆಂಕಿಕಡ್ಡಿಯ ದಪ್ಪವೂ ಇರಲಿಲ್ಲ. ನಾಲ್ಕನೆಯ ಹೋಳು ಅದರ ನಟ್ಟನಡುವೆ ಹಾಯ್ದುಹೋಗುತ್ತಿತ್ತು.

ಬ್ರೇಕು ಬಗ್ಗಿ ನೋಡಿದ. ಟಾರ್ಚನ್ನು ತಾನು ಇಸಿದುಕೊಂಡು ಮತ್ತೆ ನೋಡಿದ. "ಅಕ್ಕ," ಅಂದ, "ಅವತ್ತು ನಾನು ಇದನ್ನ ಹೊಳೆಗೆ ಎಸೆಯೋಣ ಅಂದಿದ್ದೆ ಕಣೇ." ಅವನ ಕಣ್ಣು ಒದ್ದೆಯಾಗಿತ್ತು. ಬೀದಿಯವರಿಗೆಲ್ಲ ಹೇಳಿಬರುತ್ತೇನೆ ಎಂದು ಚಪ್ಪಲಿ ಮರೆತು ಓಡಿದ.

ಶೆಡ್ಡಿನಲ್ಲಿ ಗಂಡಹೆಂಡತಿ ಇಬ್ಬರೇ ಉಳಿದರು. ಮೆಕ್ಯಾನಿಕ್ ಕವುಚಿಟ್ಟ ಬಕೆಟ್ಟಿನ ಮೇಲೆ ಕೂತ. ಇನ್ನು ಸುಳ್ಳು ಹೊತ್ತುಕೊಂಡಿರಲು ಅವನಿಗೆ ಆಗಲಿಲ್ಲ.

"ನೋಡು, ಒಂದು ಮಾತು ಹೇಳ್ಬೇಕು. ನನಗೆ ಇದು ಕೇಳಿಸಿದ್ದು ಇವತ್ತೇ ಮೊದಲು. ಅವತ್ತು ನಿಮ್ಮನೇಲಿ ಕಿವಿಗಿಟ್ಟೆಯಲ್ಲ, ಏನೂ ಕೇಳಿಸಿರ್ಲಿಲ್ಲ. ಸುಮ್ನೆ ಹೂಂ ಅಂದೆ. ಮೊನ್ನೆ ಕಡಿಮೆ ಆಗಿದೆ ಅಂದದ್ದೂ ಸುಳ್ಳೇ."

ಟೀಚರ್ ಕಲ್ಲನ್ನು ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಅವತ್ತಿಂದಾನೇ. ಗಾಬರೀಲಿ ನಾನು ಕಲ್ಲನ್ನ ಅಲ್ಲಾಡಿಸೋದೇ ಮರೆತಿದ್ದೆ ಕಣ್ರೀ. ಸುಮ್ನೆ ಒತ್ತಿ ಹಿಡ್ಕೊಂಡು ನಿಂತಿದ್ದೆ. ನೀವು ಹೋದ್ಮೇಲೆ ನೆನಪಾಯ್ತು. ಮೊನ್ನೆ ಕೇಳಿದ್ದೂ ನಿಮ್ಮ ಹೂಂ ಒಂದಿದ್ರೆ ಧೈರ್ಯ ಅಂತ." ಅವಳು ತಲೆಯೆತ್ತಿದಳು. "ಅಲ್ಲಾಡಿಸಿ ಕೇಳಿಸಿದ್ರೂ ನೀರಿಲ್ಲ ಅನ್ನೋ ತಮ್ಮ ಒಬ್ಬ. ಅಲ್ಲಾಡಿಸದೇ ಇದ್ರೂ ಕೇಳಿಸ್ತು ಅನ್ನೋ ನೀವೊಬ್ರು. ನಾನು ಯಾರನ್ನ ನಂಬ್ಕೊಂಡು ಹೋಗ್ಬೇಕಿತ್ತು, ನೀವೇ ಹೇಳಿ."

ಮೆಕ್ಯಾನಿಕ್ ಮೂವತ್ತೆರಡು ವರ್ಷ ಮುಚ್ಚಿಟ್ಟುಕೊಂಡದ್ದು ಅವಳ ಹತ್ತಿರ ಮೊದಲಿನಿಂದಲೂ ಬಿಚ್ಚಿಕೊಂಡೇ ಬಿದ್ದಿತ್ತು. "ಮತ್ತೆ ಈಗ, ನೀರಿದೆ ಅಂದೆನಲ್ಲ, ಆಗ ಯಾಕೆ ನಂಬಿದೆ?"

"ಸುಳ್ಳು ಹೇಳೋವಾಗ ನೀವು ನನ್ನ ಮುಖ ನೋಡ್ತೀರಿ" ಅಂದಳು ಅವಳು. "ಈಗ ಕಲ್ಲನ್ನೇ ನೋಡ್ತಿದ್ರಿ."

ಅವಳು ಅವನ ಹತ್ತಿರ ಬಂದು ನಿಂತಳು. ಎರಡೂ ಕೈಯಲ್ಲಿ ಕಲ್ಲು ಹಿಡಿದು ಮುಂದೆ ಚಾಚಿದಳು. "ಹೂಂ, ಹಿಡೀರಿ ನಿಮ್ಮ ಸ್ಕ್ರೂಡ್ರೈವರು. ಈ ಸಲ ಮರೆಯಲ್ಲ, ಅಲ್ಲಾಡಿಸ್ತೀನಿ."

ಅವನು ತುದಿಯನ್ನು ಕಲ್ಲಿಗೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಹಿಂದೆ ಒತ್ತಿ, ಕಣ್ಣು ಮುಚ್ಚಿದ.

"ಕೇಳಿಸ್ತಾ?"

"ಹೂಂ" ಅಂದ ಮೆಕ್ಯಾನಿಕ್. "ಇನ್ನೊಂದ್ಸಲ ಅಲ್ಲಾಡಿಸು."